ಪಾಟಿಯಿಂದ ಟ್ಯಾಬಿನ ತನಕ: ಬಾಯಿಪಾಠದ ಕಥಿ

ನಮ್ಮ ಕಡಿ 'ಅಂಕಿ' ಅಂದ್ರ ಒಂದು, ಎರಡು, ಮೂರು. ಜಪಾನಿನವರ ಬಾಯಾಗ 'ಅಂಕಿ' ಅಂದ್ರ ಬಾಯಿಪಾಠ. ಅದೇ ಹೆಸರಿನ ಒಂದು ಸಾಫ್ಟ್‌ವೇರ್ ಐತ್ರಿ. ಜಪಾನಿ ಭಾಷಾ ಕಲಿಯೋ ಮಂದಿ ಜಗತ್ತಿನ ತುಂಬ ಅದನ್ನ ಸಣ್ಣ ಲ್ಯಾಪ್‌ಟಾಪಿನ್ಯಾಗ, ಟ್ಯಾಬಿನ್ಯಾಗ, ಫೋನಿನ್ಯಾಗ ಹಾಕ್ಕೊಂಡು ಶಬ್ದ ಉರು ಹೊಡಿತಾರ. ಈಗ ಅದು ರಾಯಚೂರಿನ ನಮ್ಮ ಮನಿಗೂ ಬಂದೈತಿ.

ಬಂದದ್ದು ಹಿಂಗ. ದೇವದುರ್ಗದಾಗ ಇರೋ ನಮ್ಮಕ್ಕನ ಮಗಳು ನರ್ಸಿಂಗ್ ಮುಗಿಸ್ಯಾಳ. ಜಪಾನಿನ್ಯಾಗ ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸಕ್ಕ ಹೋಗಬೇಕಂತ ಹಟ ಹಿಡಿದಾಳ. ಅಲ್ಲಿ ಮುದುಕರು ಭಾಳ, ನೋಡ್ಕೊಳ್ಳೋ ಕೈ ಕಮ್ಮಿ. 2017ರಾಗ ತರಬೇತಿ ಕೆಲಸಗಾರರ ಸಲುವಾಗಿ, 2021ರ ಜನವರಿಯಾಗ ಕುಶಲ ಕೆಲಸಗಾರರ ಸಲುವಾಗಿ ಭಾರತಕ್ಕೂ ಜಪಾನಿಗೂ ಒಪ್ಪಂದ ಆಗ್ಯಾವ. ಆದ್ರ ಭಾಷಾ ಬರದ ಬಾಗಲಾ ತೆಗಿಯಂಗಿಲ್ಲ. ಎನ್-ಫೋರ್ ಅನ್ನೋ ಪರೀಕ್ಷಾ, ಇಲ್ಲಾ ಅದಕ್ಕ ಸರಿಸಮ ಇರೋದು ಪಾಸಾಗಬೇಕು. ಅಕ್ಕ ಕೊಳ್ಳಾಗಿನ ಎರಡು ತೊಲಿ ಬಂಗಾರ ಅಡಾ ಇಟ್ಟು ಮಗಳಿಗೆ ಆನ್‌ಲೈನ್ ಕ್ಲಾಸಿಗೆ ಹಚ್ಚ್ಯಾಳ. ಹಂಗಾಗಿ ಈ ಬಾಯಿಪಾಠ ನಮಗ ಆಟದ ಮಾತಲ್ಲ. ಹುಡುಗಿ ನಮ್ಮ ಮನ್ಯಾಗ ಇದ್ದು ಓದೋದು ನೋಡಿ, ಇದು ಎಲ್ಲಿಂದ ಹುಟ್ಟಿ ಎಲ್ಲಿಗೆ ಬಂತು ಅಂತ ನಾನೂ ಹುಡುಕ್ಯಾಡಿದೆ. ಗೊತ್ತಾದದ್ದನ್ನ ನಿಮ್ಮ ಮುಂದ ಇಡ್ತೀನಿ.

ಬಾಯಿಪಾಠ ನಮಗೇನು ಹೊಸದಲ್ಲ ಬಿಡ್ರಿ. ದಾಸರ ನಾಡು ನಮ್ಮದು. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು, ಜಗನ್ನಾಥದಾಸರ ಹೆಸರಂತೂ ಮಾನ್ವಿಗೇ ಅಂಟಿಕೊಂಡೈತಿ. ಆ ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಾಗ ಬರೆದದ್ದು, ಸಣ್ಣ ಪುಸ್ತಕಲ್ಲ. ನಾನು ಮಾನ್ವಿಯಾಗ ಸಣ್ಣಾಕಿದ್ದಾಗ ನಮ್ಮ ಓಣ್ಯಾಗ ಒಬ್ಬ ಅಜ್ಜಿ ಇದ್ರು. ಅವರಿಗೆ ಅಕ್ಷರ ಬರ್ತಿದ್ದಿಲ್ಲ. ಆದ್ರ ಸಂಧಿಗೆ ಸಂಧಿ ಬಾಯಾಗಿತ್ತು. ಅದು ಹೆಂಗಂತ ಈಗ ತಿಳೀತೈತಿ. ಹೊಸಾ ಪದ್ಯ ದಿನಾ ಅಂತಿದ್ರು. ಗಟ್ಟಿಯಾದದ್ದನ್ನ ವಾರಕ್ಕೊಮ್ಮೆ ಅಂತಿದ್ರು. ಭಾಳ ಹಳೇದನ್ನ ಏಕಾದಶಿಗೊಮ್ಮೆ ತೆಗಿತಿದ್ರು. ಯಾವುದನ್ನ ಯಾವಾಗ ತಿರುವಿ ಹಾಕಬೇಕು ಅನ್ನೋ ಲೆಕ್ಕ ಪಂಚಾಂಗದ ಜೋಡಿ ಅವರ ತಲಿಯಾಗ ಕುಂತಿತ್ತು.

ನಮಗ ಸಾಲ್ಯಾಗ ಪಾಟಿ ಇತ್ತು. ಕೈಯಾಗ ಹಿಡಿಯೋ ಮೊದಲನೇ ಯಂತ್ರ ಅಂದ್ರ ಅದೇ ಅಂತೀನಿ ನಾನು. ಬರಿ, ಒರಸು, ಮತ್ತ ಬರಿ. ಕರೆಂಟ್ ಬ್ಯಾಡ, ಚಾರ್ಜ್ ಬ್ಯಾಡ. ಮಗ್ಗಿ ಅದರ ಮ್ಯಾಲೇ ಕಲಿತ್ವಿ. ನಮ್ಮಪ್ಪ ಕಲಿಯೋ ಮುಂದ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಾಗಿತ್ತು. ಮನ್ಯಾಗ ಕನ್ನಡ, ಸಾಲ್ಯಾಗ ಉರ್ದು. 1948ರ ಸೆಪ್ಟೆಂಬರ್ ಮುಗಿಯೋ ತನಕ ಆಳ್ವಿಕಿ ಉರ್ದುವಿನ್ಯಾಗೇ ನಡೀತು. ಪರಭಾಷಾದ ಅಕ್ಷರ ಪಾಟಿ ಮ್ಯಾಲೆ ತಿದ್ದಿ ತಿದ್ದಿ ಹೊಟ್ಟಿ ಹೊರಕೊಂಡ ಮಂದಿ ನಾವು. ಹಂಗಾಗಿ ದೇವದುರ್ಗದ ಹುಡುಗಿ ಜಪಾನಿ ಕಲಿತಾಳಂದ್ರ ಆಶ್ಚರ್ಯ ಪಡೋದು ಏನೂ ಇಲ್ಲ.

ಇನ್ನ ದೊಡ್ಡ ಜಗತ್ತಿನ ಕಥಿ. ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಜರ್ಮನಿಯ ಒಬ್ಬ ಪಂಡಿತ ಮರವು ಅಂದ್ರೇನು ಅಂತ ಅಳಿಯಾಕ ಹೊಂಟ. ಅರ್ಥ ಇಲ್ಲದ ಉಚ್ಚಾರಗಳನ್ನ ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೀತೀನಿ ಅಂತ ಬರೆದಿಟ್ಟ. 1885ರಾಗ ಪುಸ್ತಕ ಬಂತು. ಒಂದು ತಾಸಿಗೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಒಂದು ದಿನಕ್ಕ ಮೂರು ಪಾಲಿನ್ಯಾಗ ಹತ್ತತ್ರ ಎರಡು ಪಾಲು ಹೋಗಿತ್ತು. ಅಲ್ಲಿಂದ ಮುಂದ ಮಾತ್ರ ಮರವು ನಿಧಾನ ಆಗ್ತೈತಿ. ಅಂದ್ರ ಹೊಸದನ್ನ ಲಗೂನ ಮತ್ತೊಮ್ಮೆ ನೋಡಬೇಕು, ಹಳೇದನ್ನ ತಡಾ ಮಾಡಿ ನೋಡಿದ್ರೂ ನಡೀತೈತಿ.

ಅಡಿಗಿ ಮನಿಯವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲು ದಿನಾ ಕಾಸ್ತೀವಿ. ಹಿಟ್ಟಿನ ಡಬ್ಬಿ ವಾರಕ್ಕೊಮ್ಮೆ ನೋಡ್ತೀವಿ. ಉಪ್ಪಿನಕಾಯಿ ಭರಣಿ ತಿಂಗಳಿಗೊಮ್ಮೆ ತೆಗೆದು ಕೈಯಾಡಸ್ತೀವಿ. ಎಲ್ಲಾನೂ ದಿನಾ ನೋಡಕೋತ ಕುಂತ್ರ ಅಡಿಗಿ ಯಾವಾಗ ಮಾಡೋದು? ಯಾವುದನ್ನೂ ನೋಡದಿದ್ರ ಬೂಸ್ಟು ಹಿಡೀತೈತಿ. ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಪತ್ರಕರ್ತ 1972ರಾಗ ಜರ್ಮನ್ ಪುಸ್ತಕ ಬರೆದು ಇದನ್ನೇ ಡಬ್ಬಿ ಲೆಕ್ಕದಾಗ ಹೇಳಿದ. ಒಂದು ಚೀಟಿ, ಒಂದು ಮಗ್ಗಲಿಗೆ ಪ್ರಶ್ನಿ, ಇನ್ನೊಂದು ಮಗ್ಗಲಿಗೆ ಉತ್ತರ. ಸರಿ ಹೇಳಿದ್ರ ಚೀಟಿ ಮುಂದಿನ ಖಾನಿಗೆ ಹೋಗ್ತೈತಿ, ತಪ್ಪಿದ್ರ ಹೊಳ್ಳಿ ಮೊದಲನೇ ಖಾನಿಗೆ. ಮೊದಲನೇ ಖಾನಿ ದಿನಾ ತೆಗೆಯೋದು, ಹಿಂದಿನ ಖಾನಿಗಳನ್ನ ದಿನ ಬಿಟ್ಟು ದಿನ, ವಾರ ಬಿಟ್ಟು ವಾರ ತೆಗೆಯೋದು.

ಚೀಟಿ ನೂರಿದ್ರ ಸರಿ, ಸಾವಿರ ಆದ್ರ ಯಾರು ಹೊರತಾರ? ಪೋಲೆಂಡಿನ ಪಿಯೋತ್ರ್ ವೋಜ್ನ್ಯಾಕ್ ಅನ್ನೋ ವಿದ್ಯಾರ್ಥಿ 1985ರಾಗ ಕಾಗದದ ಮ್ಯಾಲೆ ತನ್ನ ಪಾಠದ ಲೆಕ್ಕ ಇಡಾಕ ಸುರು ಮಾಡಿ, 1987ರಾಗ ಅದನ್ನ ಕಂಪ್ಯೂಟರಿಗೆ ಒಪ್ಪಿಸಿದ. ಸೂಪರ್‌ಮೆಮೋ ಅಂತ ಅದರ ಹೆಸರು. ಚೀಟಿ ಚೀಟಿಗೂ ಬ್ಯಾರೆ ಬ್ಯಾರೆ ತಾರೀಖು ಹಾಕೋ ಕೆಲಸ ಯಂತ್ರದ್ದಾತು. ನೀ ಇದನ್ನ ಸುಲಭ ಹೇಳಿದೆ, ಹತ್ತು ದಿನಕ್ಕ ಬಾ. ಇದನ್ನ ತಡವರಿಸಿದೆ, ನಾಳೆ ಬಾ. ನಮ್ಮ ಓಣಿ ಅಜ್ಜಿಯ ಪಂಚಾಂಗ ಇದ್ದಂಗ. 2006ರಾಗ ಡೇಮಿಯನ್ ಎಲ್ಮ್ಸ್ ಅನ್ನೋ ಆಸ್ಟ್ರೇಲಿಯಾದಾವ ತನ್ನ ಜಪಾನಿ ಓದಿಗಂತ ಅದೇ ದಾರಿ ಹಿಡಿದು 'ಅಂಕಿ' ಮಾಡಿದ. ಮೂಲ ಬರವಣಿಗಿ ಎಲ್ಲಾರಿಗೂ ಬಿಚ್ಚಿಟ್ಟ. ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಅದು ಪುಕ್ಕಟೆ ಸಿಗ್ತೈತಿ.

ಜಪಾನಿ ಕಲಿಯೋರಿಗೇ ಇದರ ಗರಜು ಯಾಕ ಭಾಳ ಬಿತ್ತು ಅಂದ್ರ ಅವರ ಲಿಪಿಯ ಸಲುವಾಗಿ. ಹಿರಗಾನ, ಕತಕಾನ ಅಂತ ಎರಡು ಅಕ್ಷರಮಾಲಿ, ಒಂದೊಂದರಾಗ 46 ಮೂಲ ಅಕ್ಷರ. ಇವು ವಾರ ಎರಡು ವಾರಕ್ಕ ಬರ್ತಾವ. ಅದರ ಮ್ಯಾಲೆ ಕಾಂಜಿ. ನಮ್ಮ ಗಂಜಿ ಅಲ್ರಿ, ಚೀನಾದಿಂದ ಬಂದ ಚಿತ್ರದಂಥ ಅಕ್ಷರ. ದಿನಬಳಕಿಗೆ ಅಂತ ಜಪಾನ್ ಸರ್ಕಾರ 2010ರಾಗ ತಿದ್ದಿದ ಪಟ್ಟಿಯಾಗ 2,136 ಅದಾವ. ಕನ್ನಡದಾಗ ಅಕ್ಷರ ಕೂಡಿಸಿ ಓದಿದ್ರ ಶಬ್ದ ಬರ್ತೈತಿ. ಕಾಂಜಿ ಹಂಗಲ್ಲ, ಗೊತ್ತಿದ್ರ ಗೊತ್ತು, ಇಲ್ಲಾಂದ್ರ ಇಲ್ಲ. ಅದಕ್ಕ ಬಸ್ಸಿನ್ಯಾಗ, ರೈಲಿನ್ಯಾಗ, ಸರತಿಯಾಗ ನಿಂತಲ್ಲಿ ತೆಗೆದು ನೋಡೋ ಅಂಥಾ ಸಣ್ಣ ಯಂತ್ರ ಬೇಕಾತು. ಜಪಾನಿನ ಶಾರ್ಪ್ ಕಂಪನಿ 1993ರಿಂದ ಜೌರಸ್ ಅನ್ನೋ ಅಂಗೈ ಕಂಪ್ಯೂಟರ್ ಮಾರ್ತಿತ್ತು. 2007ರಾಗ ತೈವಾನಿನ ಆಸುಸ್ ಏಳು ಇಂಚಿನ ಪರದಿಯ ಈ-ಪಿಸಿ ತಂತು. ಕಡೀಕ ಫೋನ್ ಬಂದು ಇವೆರಡನ್ನೂ ನುಂಗಿ ನೀರು ಕುಡೀತು.

ಇಲ್ಲೇ ನಮ್ಮ ಕರ್ನಾಟಕದ ಒಂದು ಕಥಿ ಐತಿ. ಮಂದಿ ಮರೆತಾರ, ನನಗ ಅದೇ ಸಂಕಟ. ಜೌರಸ್‌ನ 2002ರ ಮಾದರಿಯೊಳಗ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಅನ್ನೋ 206 ಮೆಗಾಹರ್ಟ್ಸ್ ಚಿಪ್ ಇತ್ತು, ಲಿನಕ್ಸ್ ಇತ್ತು. ಅದೇ ಚಿಪ್ಪು, ಅದೇ ಲಿನಕ್ಸು ಇಟ್ಟುಕೊಂಡು ಅದೇ ಕಾಲದಾಗ ಬೆಂಗಳೂರಿನ್ಯಾಗ ಇನ್ನೊಂದು ಅಂಗೈ ಕಂಪ್ಯೂಟರ್ ತಯಾರಾಗಿತ್ತು. ಅದರ ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಅವರ ಜೋಡಿ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತವರ ಮಂದಿ ಕೂಡಿ 1999ರಾಗ ಒಂದು ಟ್ರಸ್ಟ್ ಕಟ್ಟಿದ್ರು. 2001ರ ಏಪ್ರಿಲ್‌ನ್ಯಾಗ ಯಂತ್ರ ತೋರಿಸಿದ್ರು. ಸುಮಾರು 9,000 ರೂಪಾಯಿಗೆ ಕೊಡಬೇಕು ಅನ್ನೋದು ಅವರ ಗುರಿ. ಓದಾಕ ಬರದವರಿಗೂ ನಡೀಬೇಕು, ನಮ್ಮ ಭಾಷಾದಾಗ ಓದಿ ಹೇಳಬೇಕು ಅಂತ ರಮೇಶ್ ಹರಿಹರನ್ 'ಧ್ವನಿ' ಅನ್ನೋ ತಂತ್ರಾಂಶ ಮಾಡಿದ್ರು. ಕನ್ನಡವೂ ಅದರಾಗಿತ್ತು. ಇಡೀ ಊರಿಗೆ ಒಂದು ಯಂತ್ರ, ಮನಿಗೊಂದು ಸ್ಮಾರ್ಟ್ ಕಾರ್ಡ್. ಕಾರ್ಡ್ ತುರುಕಿದ್ರ ನಿಮ್ಮ ಲೆಕ್ಕ ನಿಮ್ಮ ಮುಂದ.

ಸ್ವಲ್ಪ ನಿಂತು ವಿಚಾರ ಮಾಡ್ರಿ. ಊರಿಗೆಲ್ಲಾ ಒಂದೇ ಯಂತ್ರ, ಅವರವರ ಪಾಠ ಅವರವರ ಕಾರ್ಡಿನ್ಯಾಗ, ಕನ್ನಡದಾಗ ಓದಿ ಹೇಳೋ ದನಿ. ಬಾಯಿಪಾಠಕ್ಕ ಇದಕ್ಕಿಂತ ಬೇಕಾದದ್ದು ಏನು? ದೇವದುರ್ಗದ ಒಂದು ಹಳ್ಳಿ ಸಾಲ್ಯಾಗ ಅದೊಂದು ಇದ್ದಿದ್ರ ಇಪ್ಪತ್ತು ಮಕ್ಕಳು ಪಾಳಿ ಪ್ರಕಾರ ಕಲಿಬಹುದಿತ್ತು. ಭೂದಾಖಲೆ ಕೆಲಸಕ್ಕ ಕರ್ನಾಟಕ ಸರ್ಕಾರ, ಮಕ್ಕಳ ಕಲಿಕಿಗೆ ಛತ್ತೀಸಗಡ ಇದನ್ನ ಬಳಸಿ ನೋಡಿದ್ರು. 2004ರಾಗ ಬಿಇಎಲ್ ಕಾರ್ಖಾನಿಯಿಂದ 'ಅಮಿಡಾ' ಹೆಸರಿನ ಮಾದರಿ ಅಂಗಡಿಗೆ ಬಂತು, ಬೆಲಿ ಹತ್ತು ಸಾವಿರದ ಆಸುಪಾಸಿನಿಂದ ಸುರು. ಐವತ್ತು ಸಾವಿರ ಹೋಗ್ತಾವ ಅಂತ ಅಂದಾಜು ಮಾಡಿದ್ದು, 2005ರ ತನಕ ಹೋಗಿದ್ದು ನಾಕು ಸಾವಿರದಷ್ಟು. ಅಷ್ಟೊತ್ತಿಗೆ ಮೊಬೈಲ್ ಅಗ್ಗ ಆಗಾಕ ಹತ್ತಿತ್ತು. ರಾಯಚೂರಿನ್ಯಾಗ ನಾನು ಒಂದನ್ನೂ ಕಣ್ಣಿಲೆ ನೋಡ್ಲಿಲ್ಲ.

ನಮ್ಮ ಕಡಿ ಮಂದಿ ಕಂಪ್ಯೂಟರ್ ಮೊದಲು ನೋಡಿದ್ದು ಪಹಣಿ ಸಲುವಾಗಿ. ಭೂಮಿ ಯೋಜನೆ ಬಂದು ಎಲ್ಲಾ ತಾಲೂಕಿನ್ಯಾಗ ಪಹಣಿ ಕಂಪ್ಯೂಟರಿಗೆ ಏರಿದ್ವು. ಹದಿನೈದು ರೂಪಾಯಿ ಕೊಟ್ರ ಅಚ್ಚಾದ ಕಾಗದ ಕೈಗೆ ಬರ್ತಿತ್ತು. ಮಾನ್ವಿ ತಹಶೀಲ್ ಕಚೇರಿಯಾಗ ನಮ್ಮಪ್ಪ ಆ ಕಾಗದ ಹಿಡಕೊಂಡು, ಕನ್ನಡದಾಗ ತನ್ನ ಹೆಸರು ಅಚ್ಚಾದದ್ದನ್ನ ಎರಡೆರಡು ಸಲ ಓದಿದ್ದು ನೆಪ್ಪೈತಿ. ಉರ್ದು ಸಾಲ್ಯಾಗ ಕಲಿತ ಮನಿಷಾ. ಯಂತ್ರ ತನ್ನ ಮಾತಿನ್ಯಾಗ ಮಾತಾಡಿದ್ರ ಮನಿಷಾ ಅದಕ್ಕ ಅಂಜಂಗಿಲ್ಲ. ಸಿಂಪ್ಯೂಟರಿನವರು ಹಿಡಿದದ್ದೂ ಅದೇ ಮಾತು.

ಈ ಮಾತು ಜಪಾನಿ ಕಲಿಯೋದಕ್ಕ ಹೆಂಗ ಹತ್ತತೈತಿ ಅಂತ ಈಗ ಹೇಳ್ತೀನಿ. ನಮ್ಮ ಹುಡುಗಿಗೆ ಕ್ಲಾಸಿನವರು ಕೊಟ್ಟ ಚೀಟಿಗಳೆಲ್ಲಾ ಒಂದು ಮಗ್ಗಲಿಗೆ ಜಪಾನಿ, ಇನ್ನೊಂದು ಮಗ್ಗಲಿಗೆ ಇಂಗ್ಲಿಷ್. ಅಕಿ ಹತ್ತನೇತ್ತದ ತನಕ ಕನ್ನಡ ಸಾಲಿಯಾಕಿ. ನರ್ಸಿಂಗ್‌ನ್ಯಾಗ ಇಂಗ್ಲಿಷ್ ಕಲಿತಾಳ ಖರೇ, ಆದ್ರ ಅದರಾಗ ಕನಸು ಬೀಳಂಗಿಲ್ಲ. ಜಪಾನಿ ನೋಡಿ ಇಂಗ್ಲಿಷಿಗೆ ಹೋಗಿ ಅಲ್ಲಿಂದ ಕನ್ನಡಕ್ಕ ಬರೋದು ಅಂದ್ರ, ದೇವದುರ್ಗದಿಂದ ಮಾನ್ವಿಗೆ ಹೋಗಾಕ ಹೈದರಾಬಾದ್ ಬಸ್ ಹತ್ತಿದಂಗ. ತಿಂಗಳಾನಗಟ್ಟಲೆ ಕುಂತ್ರೂ ವ್ಯಾಕರಣದ ಚೀಟಿ ಮೊದಲನೇ ಖಾನಿ ಬಿಟ್ಟು ಮ್ಯಾಲೆ ಏಳಲಿಲ್ಲ.

"ಚಿಗವ್ವ, ಈ 'ತೆ ಮಿರು' ಅನ್ನೋದು ತಲಿಗೇ ಹತ್ತವಲ್ದು," ಅಂದ್ಲು ಒಂದಿನ.

"ಅದರರ್ಥ ಏನವ್ವ, ಒಂದೊಂದೇ ಶಬ್ದ ಬಿಡಿಸಿ ಹೇಳು," ಅಂದೆ.

"ತಬೆತೆ ಅಂದ್ರ ತಿಂದು. ಮಿರು ಅಂದ್ರ ನೋಡು. ಇಂಗ್ಲಿಷ್‌ನ್ಯಾಗ ಪ್ರಯತ್ನ ಮಾಡೋದು ಅಂತ ಕೊಟ್ಟಾರ."

"ಪ್ರಯತ್ನ ಯಾಕಬೇ ಮಾಡ್ತಿ? ತಿಂದು ನೋಡು ಅನ್ನು!"

ಹುಡುಗಿ ಹಂಗೇ ಬಾಯಿ ತೆಗೆದು ಕುಂತ್ಲು. ಆಮ್ಯಾಲೆ ಇಬ್ಬರೂ ಪುಸ್ತಕ ಹಿಡಕೊಂಡು ಒಂದೊಂದೇ ತೆಗೆದ್ವಿ. 'ಒಕು' ಅಂದ್ರ ಇಡು. 'ಶಿತೆ ಒಕು' ಅಂದ್ರ ಮಾಡಿ ಇಡು. ಮುಂಜಾನಿ ಗಡಿಬಿಡಿಗಂತ ರಾತ್ರಿನೇ ಕಾಯಿಪಲ್ಯ ಹೆಚ್ಚಿ ಇಡ್ತೀವಲ್ಲ, ಅದೇ ಇಡೋದು. 'ತಬೆತೆ ಶಿಮತ್ತ' ಅಂದ್ರ ತಿಂದುಬಿಟ್ಟೆ. 'ಕತ್ತೆ ಕುರು' ಅಂದ್ರ ಕೊಂಡು ಬರೋದು. 'ತೊ ಇತ್ತ' ಅಂದ್ರ 'ಅಂತ ಹೇಳಿದ'. ಆ ಸಣ್ಣ 'ತೊ' ನಮ್ಮ 'ಅಂತ' ಇದ್ದಂಗ. ವಾಕ್ಯದ ಸಾಲೂ ನಮ್ಮದೇ: 'ವಾತಶಿ ವಾ ಮಿಜು ಒ ನೊಮಿಮಸು'. ನಾನು, ನೀರನ್ನ, ಕುಡಿತೀನಿ. ಕ್ರಿಯಾಪದ ಕಡೀಕ, ಪ್ರತ್ಯಯ ಶಬ್ದದ ಬೆನ್ನಿಗೆ. ಇಂಗ್ಲಿಷಿನವರಿಗೆ ತಲಿಕೆಳಗ ಕಾಣೋದು ನಮಗ ನೆಟ್ಟಗೇ ಕಾಣ್ತೈತಿ.

ಹಂಗಂತ ಎರಡೂ ಒಂದೇ ತಾಯಿ ಮಕ್ಕಳು ಅಂತ ನಾನು ಹೇಳಂಗಿಲ್ಲ. ಸುಸುಮು ಓನೊ ಅನ್ನೋ ಜಪಾನಿ ಪಂಡಿತರು ಜಪಾನಿಗೂ ತಮಿಳಿಗೂ ನಂಟೈತಿ ಅಂತ ವಾದ ಮಾಡಿದ್ರು, ಭಾಷಾಶಾಸ್ತ್ರದ ಮಂದಿ ಬಹಳಷ್ಟು ಒಪ್ಪಲಿಲ್ಲ. ನಂಟು ಇಲ್ಲದಿದ್ರೂ ನಡಿಗಿ ಒಂದೇ ಥರ ಇರಬಹುದಲ್ಲ? ಆದ್ರ ಅಕ್ಷರದ ಸಾಲಿಗೆ ಮಾತ್ರ ನಂಟು ಐತಿ. ಅವರದು ಅ, ಇ, ಉ, ಎ, ಒ. ಆಮ್ಯಾಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲಿ ನೆಪ್ಪಾಗಲಿಲ್ಲೇನು? ಬೌದ್ಧ ಭಿಕ್ಷುಗಳ ಜೋಡಿ ಸಂಸ್ಕೃತ ಬರಿಯೋ ಸಿದ್ಧಂ ಲಿಪಿ ಅಲ್ಲಿಗೆ ಹೋತು, ಅದನ್ನ ಓದಿದವರು ತಮ್ಮ ಅಕ್ಷರಕ್ಕೂ ಆ ಸಾಲು ಹಾಕಿದ್ರು ಅಂತ ತಿಳಿದವರು ಹೇಳ್ತಾರ. ಭಾರತದ ಬೋಧಿಸೇನ ಅನ್ನೋ ಭಿಕ್ಷು 736ರಾಗ ಜಪಾನಿಗೆ ಹೋಗಿದ್ದ, 752ರಾಗ ನಾರಾದ ದೊಡ್ಡ ಬುದ್ಧನ ಮೂರ್ತಿಗೆ ಕಣ್ಣು ಬರೆಯೋ ಶಾಸ್ತ್ರ ಮಾಡಿದವರು ಅವರೇ. ಕಾಗುಣಿತ ಕಲಿತ ಮಗುವಿಗೆ ಹಿರಗಾನ ಪಟ್ಟಿ ಪರಕೀಯ ಅನಿಸಂಗಿಲ್ಲ.

ಅವತ್ತಿನಿಂದ ನಮ್ಮ ಹುಡುಗಿ ಚೀಟಿ ಎಲ್ಲಾ ಕನ್ನಡದಾಗ ಮಾಡಾಕ ಹತ್ತ್ಯಾಳ. ಯಂತ್ರ ಅಂದ್ರ ಅಕಿ ತಮ್ಮನ ಟ್ಯಾಬ್. 2021ರಾಗ ಸರ್ಕಾರಿ ಕಾಲೇಜಿನ ಮಕ್ಕಳಿಗೆ ರಾಜ್ಯ ಸರ್ಕಾರ ಹಂಚಿದ ಸುಮಾರು 1.55 ಲಕ್ಷ ಟ್ಯಾಬಿನ್ಯಾಗ ಅದೂ ಒಂದು. ಅವನ ಡಿಗ್ರಿ ಮುಗೀತು, ಟ್ಯಾಬ್ ಅಕ್ಕನ ಪಾಲಾತು. ಫೋನಿಗಿಂತ ಪರದಿ ದೊಡ್ಡದು, ಕಾಂಜಿಯ ಗೀಟು ಎಣಿಸಬಹುದು, ಬೆರಳಿಲೆ ತಿದ್ದಬಹುದು. ಒಮ್ಮೆ ಇಳಿಸಿಕೊಂಡ್ರ ನೆಟ್ ಬ್ಯಾಡ. ದೇವದುರ್ಗದ ಕಡಿ ಕರೆಂಟ್ ಹೋಗ್ತೈತಿ, ಟವರ್ ಸಿಗಂಗಿಲ್ಲ, ಆದ್ರ ಪಾಠ ನಿಲ್ಲಂಗಿಲ್ಲ. ಮೊದಮೊದಲ ಆಂಡ್ರಾಯ್ಡ್ ಫೋನಿನ್ಯಾಗ ಕನ್ನಡ ಬರೀ ಚೌಕ ಚೌಕ ಕಾಣ್ತಿತ್ತು. ಈಗ ಒತ್ತಕ್ಷರ ಸೈತ ನೆಟ್ಟಗ ಬರ್ತಾವ. ಈ ದಿನಕ್ಕಂತ ಎಷ್ಟು ಮಂದಿ ಕನ್ನಡಿಗರು ವರ್ಷಾನುಗಟ್ಟಲೆ ದುಡಿದಾರ, ಅವರಿಗೆ ಕೈ ಮುಗಿಬೇಕು.

ಚೀಟಿ ಮಾಡೋದರಾಗ ನನಗೂ ರುಚಿ ಹತ್ತೈತಿ. ದವಾಖಾನಿ ಶಬ್ದ ನೋಡ್ರಿ. ಔಷಧಕ್ಕ 'ಕುಸುರಿ' ಅಂತಾರ. ಸಂಕ್ರಾಂತಿಗೆ ಕುಸುರೆಳ್ಳು ಮಾಡೋರಿಗೆ ಇದು ಮರೀತೈತೇನು? ಸೂಜಿಗೆ 'ಹರಿ'. ತಲಿಗೆ 'ಅತಾಮ', ನಮ್ಮ ಆತ್ಮದ ಹತ್ತಿರದ್ದು. ಛತ್ರಿಗೆ 'ಕಸ'. ಚೀಟಿ ಮ್ಯಾಲೆ ಅಕಿ ಬರೆದದ್ದು: 'ಮಳಿಗಾಲದಾಗ ಕಸ ಹೊರಗ ಒಗಿಬ್ಯಾಡ, ತೊಯ್ಸಿಕೊಂತಿ.' ಇಂಥಾದ್ದು ಒಮ್ಮೆ ಓದಿದ್ರ ಸಾಕು, ಚೀಟಿ ತಾನೇ ಹಿಂದಿನ ಖಾನಿಗೆ ಹೋಗಿ ಕುಂದ್ರತೈತಿ.

ನಿಮ್ಮ ಮನ್ಯಾಗ ಯಾರಾರ ಕಲೀತಿದ್ರ ನಾಕು ಮಾತು ಹೇಳ್ತೀನಿ. ಒಂದು ಚೀಟಿಗೆ ಒಂದೇ ಮಾತು ಇಡ್ರಿ. ಬ್ಯಾರೆಯವರು ಮಾಡಿದ ಸಾವಿರ ಚೀಟಿಗಿಂತ ತಾವೇ ಮಾಡಿದ ನೂರು ಚಲೋ, ಯಾಕಂದ್ರ ಮಾಡೋ ಮುಂದೇ ಅರ್ಧ ಬರ್ತೈತಿ. ಹೊಸಾವು ದಿನಕ್ಕ ಹತ್ತು ಸಾಕು. ಯಂತ್ರ ಹೊಳ್ಳಿ ಕೇಳೋ ಹಳೇವನ್ನ ಮಾತ್ರ ಒಂದಿನವೂ ಬಿಡಬ್ಯಾಡ್ರಿ, ನಾಕು ದಿನ ಬಿಟ್ರ ಮುಸುರಿ ಪಾತ್ರಿ ಹಂಗ ಗುಡ್ಡಾ ಬೀಳ್ತಾವ. ಮತ್ತ, ಗಟ್ಟ್ಯಾಗಿ ಬಾಯಿ ಬಿಟ್ಟು ಅನ್ರಿ. ಹಾಸಿಗಿ ಹಿಡಿದ ಮುದುಕಿ 'ಇತಾಯ್', ಅಂದ್ರ ನೋವಾಗ್ತೈತಿ ಅಂತ ನರಳಿದ್ರ, ಅದನ್ನ ಕಿವಿಲೇ ಹಿಡಿಬೇಕಲ್ಲ, ಪರದಿ ನೋಡಿ ಅಲ್ಲ.

ನಮ್ಮ ಹುಡುಗಿ ಡಿಸೆಂಬರಿನ್ಯಾಗ ಬೆಂಗಳೂರಿಗೆ ಹೋಗಿ ಪರೀಕ್ಷಾ ಬರಿಯಾಕಿ. ಪಾಸಾಗ್ತಾಳೋ ಇಲ್ಲೋ ದೇವರಿಗೇ ಗೊತ್ತು. ಇವತ್ತಿನ ಲೆಕ್ಕ ಇಷ್ಟು: ಅಕಿ ಮಾಡಿದ ಚೀಟಿ ಒಂಬತ್ತು ನೂರು ದಾಟ್ಯಾವ, ಎಲ್ಲಾ ಕನ್ನಡದಾವು. ಮಾನ್ವಿಯಿಂದ ಅಕಿಯ ಇಬ್ಬರು ಗೆಳತೇರು ಅವನ್ನ ಕೇಳಿ ತಮ್ಮ ಫೋನಿಗೆ ಹಾಕಿಸಿಕೊಂಡು ಹೋಗ್ಯಾರ. ಇಪ್ಪತ್ತು ವರ್ಷದ ಹಿಂದ ಬೆಂಗಳೂರಿನ ಆ ಮಂದಿ ಊರಿಗೊಂದು ಯಂತ್ರ, ಮನಿಗೊಂದು ಕಾರ್ಡ್ ಅಂದಿದ್ರಲ್ಲ, ಯಂತ್ರ ಅಂತೂ ಈಗ ಮನಿಮನಿಗೆ ಬಂದೈತಿ. ಅದರೊಳಗ ಹಾಕೋ ಕನ್ನಡದ ಚೀಟಿ ಬರಿಯೋ ಕೆಲಸ ನಮ್ಮ ನಿಮ್ಮಂಥವರದು.